ಫೋನ್ ಇಲ್ಲದ ದಿನವೂ ಅಕೌಂಟ್ ತೆರೆಯಬೇಕು: ಬ್ಯಾಕಪ್ ಕೋಡ್ ಮತ್ತು ಸೆಕ್ಯುರಿಟಿ ಕೀ ಬಳಸುವ ಕ್ರಮ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರನ್ನು ಕೇಳಿ ನೋಡಿ. ಅರ್ಜಿ ನಂಬರ್, ಹಾಲ್ ಟಿಕೆಟ್, ಅಂಕಪಟ್ಟಿಯ ಸ್ಕ್ಯಾನ್, ಎಲ್ಲವೂ ಒಂದೇ ಜಿಮೇಲ್‌ನಲ್ಲಿ ಇರುತ್ತವೆ. ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯಲ್ಲೂ ಹಾಗೆಯೇ. ಜಿಎಸ್‌ಟಿ ಮೇಲ್, ಬ್ಯಾಂಕಿನ ಮೇಲ್, ಬೇರೆ ಊರಿನ ವ್ಯಾಪಾರಿಗಳ ಲೆಕ್ಕ ಎಲ್ಲ ಒಂದೇ ಅಕೌಂಟಿಗೆ ಬರುತ್ತದೆ. ಗದಗ-ಬೆಟಗೇರಿಯ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಗಿರಾಕಿಗಳ ಡಿಸೈನ್ ಫೈಲ್‌ಗಳೆಲ್ಲ ಗೂಗಲ್ ಡ್ರೈವ್‌ನಲ್ಲಿ ಕೂತಿರುತ್ತವೆ.

ಇಂಥ ಅಕೌಂಟಿಗೆ ಪಾಸ್‌ವರ್ಡ್ ಜೊತೆ ಎರಡನೇ ಬೀಗವೂ ಬೇಕು ಎಂದು ಈಗ ಬಹಳ ಜನರಿಗೆ ಗೊತ್ತು. ಹಲವರು ಹಾಕಿಕೊಂಡೂ ಇದ್ದಾರೆ. ಆದರೆ ಆ ಬೀಗ ತೆರೆಯುವ ಓಟಿಪಿ ಬರುವುದು ಜೇಬಿನಲ್ಲಿರುವ ಒಂದೇ ಫೋನಿಗೆ. ಚಿಗರಿ ಬಸ್ಸಿನ ಗದ್ದಲದಲ್ಲಿ ಆ ಫೋನ್ ಹೋಯಿತು ಅಂದುಕೊಳ್ಳಿ. ಕಳ್ಳ ಹೊರಗೆ, ಅವನ ಜೊತೆ ನೀವೂ ಹೊರಗೆ. ಆದ್ದರಿಂದ ಎರಡನೇ ಬೀಗ ಹಾಕುವ ಕೆಲಸ ಮುಗಿಯುವುದು ಸೆಟ್ಟಿಂಗ್ ಆನ್ ಮಾಡಿದಾಗ ಅಲ್ಲ. ಫೋನ್ ಕೈಯಲ್ಲಿ ಇಲ್ಲದೆಯೂ ನೀವು ಒಳಗೆ ಹೋಗಿ ಬಂದಾಗ. ಈ ಲೇಖನದ ಹಂತಗಳೆಲ್ಲ ಅದಕ್ಕೇ. ಗೂಗಲ್ ಅಕೌಂಟನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ, ಯಾಕಂದ್ರೆ ನಮ್ಮಲ್ಲಿ ಬಹುಪಾಲು ಜನರ ಉಳಿದ ಅಕೌಂಟುಗಳ ಪಾಸ್‌ವರ್ಡ್ ಬದಲಾಯಿಸುವ ಮೇಲ್ ಬರುವುದು ಅಲ್ಲಿಗೇ.

ಎಸ್‌ಎಂಎಸ್ ಓಟಿಪಿಯ ತೊಂದರೆ

ಓಟಿಪಿ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. ಆದರೆ ಅದು ನಿಮ್ಮ ಸಿಮ್‌ಗೆ ಗಂಟು ಬಿದ್ದಿದೆ. ಯಾರಾದರೂ ನಿಮ್ಮ ಹೆಸರಿನಲ್ಲಿ ನಕಲಿ ಸಿಮ್ ತೆಗೆಸಿಕೊಂಡರೆ ಓಟಿಪಿ ಅವರಿಗೆ ಹೋಗುತ್ತದೆ. ಈ ಮೋಸ ತಡೆಯಲೆಂದೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಜುಲೈ 1ರಿಂದ ಒಂದು ನಿಯಮ ತಂದಿದೆ: ಸಿಮ್ ಬದಲಾಯಿಸಿದ 7 ದಿನ ಆ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡುವಂತಿಲ್ಲ. ಓದುವ ಹುಡುಗರಿಗೆ ಇನ್ನೊಂದು ತೊಂದರೆ ಇದೆ. ಪ್ರೀಪೇಯ್ಡ್ ಸಿಮ್‌ಗೆ ರೀಚಾರ್ಜ್ ಮಾಡದೆ ತಿಂಗಳುಗಟ್ಟಲೆ ಬಿಟ್ಟರೆ ನಂಬರ್ ಬಂದ್ ಆಗುತ್ತದೆ. ಆಮೇಲೆ ಅದು ಬೇರೆಯವರ ಪಾಲಾಗಬಹುದು. ಹಳೆಯ ನಂಬರ್ ಇನ್ನೂ ಜಿಮೇಲ್‌ಗೆ ಜೋಡಿಸಿಕೊಂಡೇ ಇರುತ್ತದೆ, ಅಲ್ವಾ?

ಇದಕ್ಕಿಂತ ದೊಡ್ಡ ಅಪಾಯ ನಕಲಿ ಪುಟ. ಮೇಲ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಒಂದು ಲಿಂಕ್ ಬರುತ್ತದೆ. ಒತ್ತಿದರೆ ಥೇಟ್ ಗೂಗಲ್ ಲಾಗಿನ್ ಪುಟ. ನೀವು ಅಲ್ಲಿ ಹಾಕುವ ಪಾಸ್‌ವರ್ಡನ್ನು ಆ ಕಡೆಯವರು ಅದೇ ಕ್ಷಣ ಅಸಲಿ ಗೂಗಲ್‌ಗೆ ಹಾಕುತ್ತಾರೆ. ನಿಮ್ಮ ಫೋನಿಗೆ ಅಸಲಿ ಓಟಿಪಿಯೇ ಬರುತ್ತದೆ. ಅದನ್ನೂ ನೀವು ನಕಲಿ ಪುಟದಲ್ಲಿ ಹಾಕುತ್ತೀರಿ, ಅಷ್ಟೇ, ಅಕೌಂಟ್ ಹೋಯಿತು. ಕೆಲವರು ಪುಟದ ಗೋಜಿಗೂ ಹೋಗುವುದಿಲ್ಲ. "ಸರ, ತಪ್ಪಿ ನಿಮ್ಮ ನಂಬರಿಗೆ ಒಂದು ಕೋಡ್ ಬಂದೈತಿ, ಸ್ವಲ್ಪ ಹೇಳ್ರಿ" ಎಂದು ಫೋನ್ ಮಾಡಿ ಕೇಳುತ್ತಾರೆ. ನಮ್ಮ ಮಂದಿ ಮೆತ್ತಗಿನ ಮನಸ್ಸಿನವರು, ಹೇಳಿಬಿಡುತ್ತಾರೆ.

ಲಾಗಿನ್ ಕೋಡನ್ನು ಫೋನಿನಲ್ಲೇ ತಯಾರಿಸುವ ಅಥೆಂಟಿಕೇಟರ್ ಆ್ಯಪ್‌ನ 6 ಅಂಕಿಯ ಕೋಡ್‌ಗೆ ಸಿಮ್ ಬೇಡ, ನೆಟ್‌ವರ್ಕ್ ಕೂಡ ಬೇಡ. ಅಷ್ಟರಮಟ್ಟಿಗೆ ಅದು ಎಸ್‌ಎಂಎಸ್‌ಗಿಂತ ಒಳ್ಳೆಯದು. ಆದರೆ ನಕಲಿ ಪುಟದ ಮುಂದೆ ಅದೂ ಸೋಲುತ್ತದೆ. ಅಲ್ಲಿ ಸೋಲದೆ ನಿಲ್ಲುವುದು ಸೆಕ್ಯುರಿಟಿ ಕೀ ಎಂಬ ಪುಟ್ಟ ಸಾಧನ. ಅದಕ್ಕೆ ಬರುವ ಮೊದಲು ದುಡ್ಡಿಲ್ಲದೆ ಇವತ್ತೇ ಮುಗಿಯುವ ಕೆಲಸ ಒಂದಿದೆ.

ಮೊದಲ ಕೆಲಸ: ಬ್ಯಾಕಪ್ ಕೋಡ್

ಕಂಪ್ಯೂಟರ್ ಇದ್ದರೆ ಅದರಲ್ಲಿ, ಇಲ್ಲವಾದರೆ ಫೋನಿನಲ್ಲೇ ನಿಮ್ಮ ಗೂಗಲ್ ಅಕೌಂಟಿನ ಸೆಟ್ಟಿಂಗ್ಸ್ ತೆರೆಯಿರಿ. ವಿಳಾಸ ಮೈಅಕೌಂಟ್ ಡಾಟ್ ಗೂಗಲ್ ಡಾಟ್ ಕಾಮ್. ಯಾವುದೋ ಮೇಲ್‌ನ ಲಿಂಕ್ ಒತ್ತಿ ಹೋಗಬೇಡಿ, ವಿಳಾಸ ನೀವೇ ಟೈಪ್ ಮಾಡಿ. ಅಲ್ಲಿ ಸೆಕ್ಯುರಿಟಿ ಭಾಗಕ್ಕೆ ಹೋಗಿ ಟು-ಸ್ಟೆಪ್ ವೆರಿಫಿಕೇಶನ್ ಒತ್ತಿ. ಅದು ಇನ್ನೂ ಆಫ್ ಇದ್ದರೆ ಮೊದಲು ಆನ್ ಮಾಡಿ. ಆಮೇಲೆ ಅದೇ ಪುಟದಲ್ಲಿ ಕೆಳಗೆ ಬ್ಯಾಕಪ್ ಕೋಡ್ಸ್ ಅಂತ ಕಾಣುತ್ತದೆ. ಒತ್ತಿದರೆ 8 ಅಂಕಿಯ 10 ಕೋಡ್‌ಗಳು ಬರುತ್ತವೆ.

ಒಂದು ಕೋಡ್ ಒಂದೇ ಸಲ ನಡೆಯುತ್ತದೆ. ಫೋನ್ ಇಲ್ಲದಾಗ ಪಾಸ್‌ವರ್ಡ್ ಹಾಕಿ, ಬೇರೆ ದಾರಿ ತೋರಿಸು ಎಂಬ ಆಯ್ಕೆ ಒತ್ತಿ, ಈ 8 ಅಂಕಿ ಹಾಕಿದರೆ ಸಾಕು. ಹೊಸ ಕೋಡ್‌ಗಳನ್ನು ತೆಗೆದುಕೊಂಡರೆ ಹಳೆಯ ಹತ್ತೂ ಸತ್ತಂತೆ. ಈ ಗುಣ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲೂ ಇಂಥ ಕೋಡ್‌ಗಳಿವೆ. ಗಿಟ್‌ಹಬ್ 16 ರಿಕವರಿ ಕೋಡ್ ಕೊಡುತ್ತದೆ. ಮೈಕ್ರೋಸಾಫ್ಟ್ ಅಕೌಂಟಿಗೆ ಬರುವುದು 25 ಅಕ್ಷರದ ಒಂದೇ ಉದ್ದ ಕೋಡ್. ಹೆಸರು ಬೇರೆ, ಕೆಲಸ ಒಂದೇ. ಅಂಗಡಿಯ ಫೇಸ್‌ಬುಕ್ ಪೇಜ್ ನಡೆಸುವವರು ಅದರ ಕೋಡ್ ತೆಗೆದಿಡುವುದನ್ನು ಮರೆಯಲೇಬೇಡಿ.

ಕೋಡ್ ಎಲ್ಲಿ ಇಡಬೇಕು

ತುಂಬಾ ಜನ ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸ್ಕ್ರೀನ್‌ಶಾಟ್ ಹೊಡೆದರೆ ಅದು ಫೋನಿನಲ್ಲೇ ಉಳಿಯುತ್ತದೆ, ಇಲ್ಲವೇ ಗೂಗಲ್ ಫೋಟೋಸ್‌ಗೆ ಹೋಗುತ್ತದೆ. ಗೂಗಲ್ ಫೋಟೋಸ್ ಇರುವುದು ಅದೇ ಅಕೌಂಟಿನ ಒಳಗೆ. ಅಕೌಂಟ್ ತೆರೆಯದಿದ್ದರೆ ಫೋಟೋನೂ ಇಲ್ಲ, ಕೋಡೂ ಇಲ್ಲ. ಡ್ರೈವ್‌ನಲ್ಲಿ ಇಟ್ಟರೂ, ನಿಮಗೆ ನೀವೇ ಮೇಲ್ ಮಾಡಿಕೊಂಡರೂ ಇದೇ ಕಥೆ. ವಾಟ್ಸ್‌ಆ್ಯಪ್‌ನಲ್ಲಿ ನಿಮಗೇ ಕಳಿಸಿಕೊಂಡರೆ ಫೋನ್ ಜೊತೆ ಅದೂ ಹೋಯಿತು. ಗೂಗಲ್ ಅಥೆಂಟಿಕೇಟರ್ ಬಳಸುವವರೂ ಇದನ್ನು ಗಮನಿಸಿ. 2023ರಿಂದ ಅದು ತನ್ನ ಕೋಡ್‌ಗಳನ್ನು ಗೂಗಲ್ ಅಕೌಂಟಿಗೆ ಸಿಂಕ್ ಮಾಡಬಲ್ಲದು. ಬೇರೆ ಅಕೌಂಟುಗಳಿಗೆ ಅದು ಅನುಕೂಲವೇ. ಆದರೆ ಆ ಗೂಗಲ್ ಅಕೌಂಟಿನೊಳಗೇ ಹೋಗಲು ಅದನ್ನು ನಂಬಿ ಕೂರುವಂತಿಲ್ಲ.

ಇನ್ನು ಝೆರಾಕ್ಸ್ ಅಂಗಡಿ. ಸಪ್ತಾಪುರದಲ್ಲಿ, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಪ್ರಿಂಟ್ ಬೇಕಾದರೆ ನಾವು ಮಾಡುವುದೇನು? ಅಂಗಡಿಯವರ ವಾಟ್ಸ್‌ಆ್ಯಪ್ ನಂಬರಿಗೆ ಫೈಲ್ ಕಳಿಸುತ್ತೇವೆ. ಅಂಗಡಿಯವರು ಒಳ್ಳೆಯವರೇ ಇರಬಹುದು. ಆದರೆ ಫೈಲ್ ಅವರ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ದಿನಕ್ಕೆ ಎಷ್ಟೋ ಜನ ಆ ಸ್ಕ್ರೀನ್ ನೋಡುತ್ತಾರೆ. ಬ್ಯಾಕಪ್ ಕೋಡನ್ನು ಹಾಗೆ ಪ್ರಿಂಟ್ ಮಾಡಿಸಬೇಡಿ. ಹತ್ತು ಕೋಡ್ ಕೈಯಿಂದ ಬರೆಯಲು ಎಷ್ಟು ಹೊತ್ತು ಬೇಕು ಹೇಳಿ.

ಬಾಲ್ ಪೆನ್ನಿನಿಂದ ಬರೆಯಿರಿ. ಜೆಲ್ ಪೆನ್ ಶಾಯಿ ನೀರು ತಾಗಿದರೆ ಹರಡುತ್ತದೆ, ಧಾರವಾಡದ ಮಳೆಗಾಲ ಗೊತ್ತೇ ಇದೆ. ಬಿಲ್ ಮಷಿನ್‌ನ ಥರ್ಮಲ್ ಕಾಗದವೂ ಬೇಡ, ಬಿಸಿಗೆ ಅಕ್ಷರ ಮಾಸುತ್ತದೆ. ಕಾಗದದ ಮೇಲೆ ಯಾವ ಸೇವೆಯ ಕೋಡ್, ಯಾವತ್ತು ತೆಗೆದದ್ದು ಎಂದು ಬರೆಯಿರಿ. ಪಾಸ್‌ವರ್ಡ್ ಅದೇ ಕಾಗದದಲ್ಲಿ ಬೇಡ, ಪೂರ್ತಿ ಮೇಲ್ ಐಡಿಯೂ ಬೇಡ. ಬರೆದಾದ ಮೇಲೆ ಒಂದೊಂದು ಅಂಕಿಯನ್ನೂ ಸ್ಕ್ರೀನ್ ಜೊತೆ ತಾಳೆ ನೋಡಿ. 1 ಮತ್ತು 7 ಒಂದೇ ತರಹ ಕಾಣದಂತೆ ಬರೆಯಿರಿ.

ಎರಡು ಪ್ರತಿ ಇರಲಿ, ಎರಡು ಬೇರೆ ಮನೆಯಲ್ಲಿ. ರೋಣದಿಂದಲೋ ಶಿಗ್ಗಾಂವಿಯಿಂದಲೋ ಬಂದು ಧಾರವಾಡದ ಪಿಜಿಯಲ್ಲಿ ಇರುವವರು ಒಂದನ್ನು ತಮ್ಮ ಪೆಟ್ಟಿಗೆಯಲ್ಲಿ ಇಟ್ಟು, ಇನ್ನೊಂದನ್ನು ಊರಿನಲ್ಲಿ ಅವ್ವನ ಟ್ರಂಕಿನಲ್ಲಿ ಇಡಬಹುದು. ಅವ್ವನಿಗೆ ಒಂದೇ ಮಾತು ಹೇಳಿ: ನನ್ನ ದನಿ ಗುರುತು ಹಿಡಿಯದೆ ಯಾರಿಗೂ ಇದನ್ನು ಓದಿ ಹೇಳಬೇಡ. ದಲಾಲಿ ಅಂಗಡಿಯವರಾದರೆ ಒಂದು ಅಂಗಡಿಯ ತಿಜೋರಿಯಲ್ಲಿ, ಒಂದು ಮನೆಯ ಕಪಾಟಿನಲ್ಲಿ. ಪರ್ಸಿನಲ್ಲಿ ಮಾತ್ರ ಬೇಡ. ಫೋನ್ ಕದಿಯುವವರ ಕೈಗೆ ಪರ್ಸೂ ಸಿಗುತ್ತದೆ.

ಡೌನ್‌ಲೋಡ್ ಒತ್ತಿದ್ದರೆ ಬ್ಯಾಕಪ್-ಕೋಡ್ಸ್ ಎಂಬ ಹೆಸರಿನಲ್ಲೇ ಒಂದು ಫೈಲ್ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಕೂತಿರುತ್ತದೆ. ಹುಡುಕುವವನಿಗೆ ಅದು ಸುಲಭ. ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ.

ಕೋಡ್ ಬಳಸಿದಂತೆ ಅದರ ಮೇಲೆ ಗೆರೆ ಎಳೆಯಿರಿ. ಎರಡು ಮೂರು ಉಳಿದಾಗ ಹೊಸ ಹತ್ತು ತೆಗೆದು ಎರಡೂ ಕಾಗದ ಬದಲಾಯಿಸಿ.

ಸೆಕ್ಯುರಿಟಿ ಕೀ ಮಾಡುವ ಕೆಲಸ

ನೋಡಲು ಸಣ್ಣ ಪೆನ್ ಡ್ರೈವ್ ಇದ್ದಂತೆ ಇರುತ್ತದೆ. ಸಾಮಾನ್ಯ ಮಾದರಿಗಳಿಗೆ ಬ್ಯಾಟರಿ ಇಲ್ಲ, ಸಿಮ್ ಇಲ್ಲ, ಚಾರ್ಜ್ ಬೇಡ. ಯುಬಿಕೋ ಕಂಪನಿಯ ಯುಬಿಕೀ, ಗೂಗಲ್‌ನ ಟೈಟನ್, ಫೈಟಿಯನ್ ಕಂಪನಿಯ ಕೀಗಳು ಹೆಸರಾದವು.

ನೀವು ಕೀಯನ್ನು ಒಂದು ಅಕೌಂಟಿಗೆ ಸೇರಿಸಿದಾಗ ಅದು ಆ ಜಾಲತಾಣಕ್ಕೆಂದೇ ಒಂದು ಗುಪ್ತ ಸಂಖ್ಯೆ ಮಾಡಿಕೊಳ್ಳುತ್ತದೆ. ಆ ಗುಟ್ಟು ಕೀ ಬಿಟ್ಟು ಹೊರಗೆ ಬರುವುದೇ ಇಲ್ಲ. ಲಾಗಿನ್ ಆಗುವಾಗ ಜಾಲತಾಣ ಒಂದು ಪ್ರಶ್ನೆ ಕಳಿಸುತ್ತದೆ, ನೀವು ಕೀ ಮುಟ್ಟಿದರೆ ಅದು ಉತ್ತರಕ್ಕೆ ಸಹಿ ಹಾಕಿ ಕಳಿಸುತ್ತದೆ. ಮುಖ್ಯವಾದ ಮಾತು ಇದು: ಯಾವ ವಿಳಾಸದ ಪುಟ ಕೇಳುತ್ತಿದೆ ಎಂದು ಬ್ರೌಸರ್ ಮತ್ತು ಕೀ ಸೇರಿ ನೋಡುತ್ತವೆ. ನಕಲಿ ಪುಟದ ವಿಳಾಸದಲ್ಲಿ ಒಂದೇ ಅಕ್ಷರ ಬೇರೆ ಇದ್ದರೂ ಅಸಲಿ ಅಕೌಂಟಿನ ಉತ್ತರ ಹೊರಡುವುದಿಲ್ಲ. ನೀವು ಮೋಸ ಹೋದರೂ ಕೀ ಮೋಸ ಹೋಗುವುದಿಲ್ಲ. ಓಟಿಪಿಯ ಹಾಗೆ ಫೋನಿನಲ್ಲಿ ಓದಿ ಹೇಳಲು ಇಲ್ಲಿ ಅಂಕಿಯೇ ಇಲ್ಲ.

ಇದು ಬರೀ ಕಾಗದದ ಮೇಲಿನ ಮಾತಲ್ಲ. ಗೂಗಲ್ ತನ್ನ 85,000ಕ್ಕೂ ಹೆಚ್ಚು ನೌಕರರಿಗೆ 2017ರ ಆರಂಭದಲ್ಲಿ ಕೀ ಕಡ್ಡಾಯ ಮಾಡಿತು. ಆಮೇಲೆ ಯಾರ ಕೆಲಸದ ಅಕೌಂಟೂ ನಕಲಿ ಪುಟದ ಮೋಸಕ್ಕೆ ಬಿದ್ದಿಲ್ಲ ಎಂದು 2018ರಲ್ಲಿ ಹೇಳಿತು. 2022ರಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ ಕೆಲವು ನೌಕರರು ನಕಲಿ ಪುಟದಲ್ಲಿ ಪಾಸ್‌ವರ್ಡ್ ಹಾಕಿಯೇಬಿಟ್ಟಿದ್ದರು. ಕೀ ಇದ್ದದ್ದರಿಂದ ಕಳ್ಳರಿಗೆ ಒಳಗೆ ಬರಲು ಆಗಲಿಲ್ಲ. ಕಂಪ್ಯೂಟರ್ ಬಲ್ಲವರೇ ನಕಲಿ ಪುಟ ನಂಬಿದರು ಎಂದ ಮೇಲೆ, ಗಿರಾಕಿಗಳ ನಡುವೆ ಅವಸರದಲ್ಲಿ ಮೇಲ್ ನೋಡುವ ಅಂಗಡಿಯವರು ನಂಬಿದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ.

ಎಲ್ಲರಿಗೂ ಕೀ ಬೇಕೇ? ನನ್ನ ಅಭಿಪ್ರಾಯ ಹೀಗೆ. ಓದುವ ಹುಡುಗರಿಗೆ ಬ್ಯಾಕಪ್ ಕೋಡ್ ಮತ್ತು ಅಥೆಂಟಿಕೇಟರ್ ಆ್ಯಪ್ ಸದ್ಯಕ್ಕೆ ಸಾಕು. ಆದರೆ ನಿಮ್ಮ ಅಕೌಂಟಿನಲ್ಲಿ ಬೇರೆಯವರ ದುಡ್ಡಿನ ಲೆಕ್ಕವೋ ಬೇರೆಯವರ ಕಾಗದಪತ್ರವೋ ಇದ್ದರೆ ಕೀ ತೆಗೆದುಕೊಳ್ಳಿ. ದಲಾಲಿ ಅಂಗಡಿ, ಆಡಿಟರ್ ಕಚೇರಿ, ವಕೀಲರು, ಪ್ರೆಸ್, ಕೋಚಿಂಗ್ ಸೆಂಟರ್, ಪತ್ರಕರ್ತರು ಇದರಲ್ಲಿ ಬರುತ್ತಾರೆ.

ಕೊಳ್ಳುವ ಮುಂಚೆ

ಕೀ ಎರಡು ಕೊಳ್ಳಬೇಕು. ಒಂದೇ ಕೊಂಡರೆ ಮತ್ತೆ ಒಂದೇ ಫೋನಿನ ಪಾಡು. ಎರಡಕ್ಕೂ ಸೇರಿ ಕೆಲವು ಸಾವಿರ ರೂಪಾಯಿ ಆಗುತ್ತದೆ, ಚಿಕ್ಕ ಮೊತ್ತವಲ್ಲ. ಆದರೂ ಎರಡಕ್ಕೆ ದುಡ್ಡು ಹೊಂದುವವರೆಗೆ ಕಾಯುವುದು ಮೇಲು. ಆ್ಯಪಲ್ ಅಕೌಂಟಿಗೆ ಕೀ ಹಾಕಬೇಕಾದರೆ ಕನಿಷ್ಠ ಎರಡು ಇರಲೇಬೇಕು ಎಂದು ಆ್ಯಪಲ್ ತಾನೇ ನಿಯಮ ಮಾಡಿದೆ.

ನಿಮ್ಮ ಕಂಪ್ಯೂಟರಿಗೆ ಅಗಲವಾದ ಹಳೆಯ ಯುಎಸ್‌ಬಿ ಕಿಂಡಿಯೋ, ಹೊಸ ಸಿ ಟೈಪ್ ಕಿಂಡಿಯೋ ನೋಡಿ. ಫೋನಿನಲ್ಲಿ ಎನ್‌ಎಫ್‌ಸಿ ಇದ್ದರೆ ಕೀಯನ್ನು ಹಿಂಬದಿಗೆ ತಾಗಿಸಿದರೆ ಸಾಕು. ಕಡಿಮೆ ಬೆಲೆಯ ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ ಎನ್‌ಎಫ್‌ಸಿ ಇರುವುದಿಲ್ಲ. ಅಂಥವರು ಸಿ ಟೈಪ್ ಕೀ ತೆಗೆದುಕೊಂಡರೆ ಚಾರ್ಜಿಂಗ್ ಕಿಂಡಿಗೆ ಚುಚ್ಚಬಹುದು. ಪೆಟ್ಟಿಗೆಯ ಮೇಲೆ ಫೈಡೋ2 (ಇಂಥ ಕೀಗಳ ಈಗಿನ ತಾಂತ್ರಿಕ ಮಾನದಂಡ) ಎಂಬ ಗುರುತು ಇರಲಿ.

ಬಳಸಿದ ಕೀ ಬೇಡ. ಪೆಟ್ಟಿಗೆ ಒಡೆದಿದ್ದರೆ ವಾಪಸ್ ಕಳಿಸಿ. ಯುಬಿಕೋ ತನ್ನ ಕೀ ಅಸಲಿಯೇ ಎಂದು ನೋಡಲು ಜಾಲತಾಣದಲ್ಲೇ ಒಂದು ಪುಟ ಇಟ್ಟಿದೆ, ಕೀ ಬಂದ ದಿನವೇ ನೋಡಿಬಿಡಿ.

ಕೀ ಸೇರಿಸುವ ಕ್ರಮ

ಎರಡೂ ಕೀ ಮುಂದೆ ಇಟ್ಟುಕೊಂಡು ಕೂರಿ. ಒಂದನ್ನು ಇವತ್ತು, ಇನ್ನೊಂದನ್ನು ಮುಂದಿನ ವಾರ ಎಂದರೆ ಆ ಮುಂದಿನ ವಾರ ಬರುವುದೇ ಇಲ್ಲ.

ಅದೇ ಟು-ಸ್ಟೆಪ್ ವೆರಿಫಿಕೇಶನ್ ಪುಟದಲ್ಲಿ ಪಾಸ್‌ಕೀಸ್ ಆ್ಯಂಡ್ ಸೆಕ್ಯುರಿಟಿ ಕೀಸ್ ಎಂಬುದನ್ನು ತೆರೆಯಿರಿ. ಹೊಸದು ಸೇರಿಸಲು ಹೇಳಿದಾಗ ಬ್ರೌಸರ್ ಮೊದಲು ಇದೇ ಕಂಪ್ಯೂಟರಿನಲ್ಲಿ ಪಾಸ್‌ಕೀ (ಪಾಸ್‌ವರ್ಡ್ ಬದಲು ಬಳಸುವ ಡಿಜಿಟಲ್ ಕೀ) ಇಡಲೇ ಎಂದು ಕೇಳಬಹುದು. ಅಲ್ಲಿ ಸುಮ್ನೆ ಓಕೆ ಒತ್ತಬೇಡಿ. ಬೇರೆ ಸಾಧನ ಬಳಸುವ ಆಯ್ಕೆ ಒತ್ತಿ, ಅದರಲ್ಲಿ ಸೆಕ್ಯುರಿಟಿ ಕೀ ಆರಿಸಿ. ಆಮೇಲೆ ಕೀ ಚುಚ್ಚಿ.

ಹೊಸ ಕೀ ಆದರೆ ಒಂದು ಪಿನ್ ಇಡಲು ಕೇಳುತ್ತದೆ. ಇದು ಕೀಯೊಳಗೇ ಉಳಿಯುವ ಪಿನ್. ಎಟಿಎಂ ಪಿನ್ ಅನ್ನೇ ಇಲ್ಲಿ ಇಡಬೇಡಿ. ಸತತವಾಗಿ 8 ಸಲ ತಪ್ಪು ಹಾಕಿದರೆ ಕೀ ಬಂದ್ ಆಗುತ್ತದೆ. ಆಗ ರೀಸೆಟ್ ಮಾಡುವುದೊಂದೇ ದಾರಿ. ರೀಸೆಟ್ ಮಾಡಿದರೆ ಅದರಲ್ಲಿ ಸೇರಿಸಿದ್ದ ಅಕೌಂಟುಗಳಿಗೆ ಆ ಕೀ ಇನ್ನು ನಡೆಯುವುದಿಲ್ಲ. ಪಿನ್ ಮರೆಯುವ ಭಯ ಇದ್ದರೆ ಬರೆದಿಡಿ, ಆದರೆ ಕೀ ಇಡುವ ಜಾಗದಲ್ಲಿ ಅಲ್ಲ. ಪಿನ್ ಆದ ಮೇಲೆ ಕೀ ಮಿನುಗುತ್ತದೆ. ಅದರ ಮೇಲಿನ ಲೋಹದ ಭಾಗ ಮುಟ್ಟಿ. ಇದು ಬೆರಳಚ್ಚು ಓದುವುದಿಲ್ಲ, ಮನುಷ್ಯ ಎದುರಿಗಿದ್ದಾನೋ ಎಂದಷ್ಟೇ ನೋಡುತ್ತದೆ. ಬೆರಳಚ್ಚು ಓದುವ ಮಾದರಿಗಳು ಬೇರೆಯೇ ಇವೆ.

ಕೀಗೆ ಹೆಸರು ಇಡಲು ಅವಕಾಶ ಇದೆ. ಕೀ ಒಂದು, ಕೀ ಎರಡು ಎನ್ನುವ ಬದಲು 'ಅಂಗಡಿ ಗೊಂಚಲು', 'ಮನೆ ತಿಜೋರಿ' ಎಂದು ಇಡಿ. ಕಳೆದ ದಿನ ಯಾವುದನ್ನು ತೆಗೆಯಬೇಕು ಎಂದು ತಟ್ಟನೆ ಗೊತ್ತಾಗುತ್ತದೆ. ಎರಡನೇ ಕೀಗೂ ಇದೇ ಕ್ರಮ. ಕೀಯನ್ನು ನಕಲು ಮಾಡಲು ಬರುವುದಿಲ್ಲ, ಆದ್ದರಿಂದ ಪ್ರತಿ ಅಕೌಂಟಿಗೂ ಎರಡನ್ನೂ ಬೇರೆ ಬೇರೆಯಾಗಿಯೇ ಸೇರಿಸಬೇಕು.

ಅಂಗಡಿಯ ಒಂದೇ ಅಕೌಂಟನ್ನು ಮಾಲೀಕರು, ಗುಮಾಸ್ತರು ಇಬ್ಬರೂ ಬಳಸುತ್ತಿದ್ದರೆ ಗುಮಾಸ್ತರಿಗೆ ಅವರದೇ ಕೀ ಕೊಟ್ಟು ಅವರ ಹೆಸರಿನಲ್ಲಿ ಸೇರಿಸಿ. ಅವರು ಕೆಲಸ ಬಿಟ್ಟ ದಿನ ಆ ಕೀ ತೆಗೆಯಿರಿ, ಪಾಸ್‌ವರ್ಡ್ ಬದಲಾಯಿಸಿ, ಹೊಸ ಬ್ಯಾಕಪ್ ಕೋಡ್ ತೆಗೆಯಿರಿ, ಅವರ ಫೋನಿನಿಂದ ಅಕೌಂಟ್ ಸೈನ್ ಔಟ್ ಮಾಡಿ. ಯಾರ ಮೇಲೂ ಅನುಮಾನ ಪಡಬೇಕೆಂದಲ್ಲ. ಮುಂದೆ ಏನಾದರೂ ಹೆಚ್ಚುಕಡಿಮೆ ಆದರೆ ಅವರ ಮೇಲೆ ಮಾತು ಬರಬಾರದು, ಅದಕ್ಕೆ.

ಎಸ್‌ಎಂಎಸ್ ದಾರಿ ಮುಚ್ಚುವುದು

ಕೀ ಹಾಕಿದ ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಎಸ್‌ಎಂಎಸ್ ಓಟಿಪಿ ಇನ್ನೂ ಪಟ್ಟಿಯಲ್ಲಿದ್ದರೆ ಕಳ್ಳ ಕೀ ಬೇಡ, ಓಟಿಪಿ ಕಳಿಸು ಎಂದು ಕೇಳಬಹುದು. ಆಗ ಅಷ್ಟು ದುಡ್ಡು ಕೊಟ್ಟ ಕೀ ಇದ್ದೂ ಇಲ್ಲದಂತೆ. ಎರಡು ಕೀ ಸೇರಿಸಿ, ಕೋಡ್ ಬರೆದಿಟ್ಟ ಮೇಲೆ ಟು-ಸ್ಟೆಪ್ ಪಟ್ಟಿಯಿಂದ ಫೋನ್ ನಂಬರ್ ತೆಗೆಯಿರಿ. ರಿಕವರಿ ಫೋನ್ ಎಂಬುದು ಬೇರೆ, ಅದು ಅಕೌಂಟ್ ಮರಳಿ ಪಡೆಯಲು ಇರುವ ನಂಬರ್. ಅಲ್ಲಿ ಈಗ ಚಾಲ್ತಿಯಲ್ಲಿರುವ ನಿಮ್ಮ ನಂಬರೇ ಇದೆಯೇ ನೋಡಿಕೊಳ್ಳಿ.

ಆದರೆ ಫೋನ್ ಬಂದ್ ಮಾಡಿ ನೋಡುವ, ಈ ಕೆಳಗಿನ ಪರೀಕ್ಷೆ ಮುಗಿಸುವವರೆಗೆ ಎಸ್‌ಎಂಎಸ್ ತೆಗೆಯುವ ಈ ಹಂತಕ್ಕೆ ಕೈ ಹಾಕಬೇಡಿ.

ಫೋನ್ ಬಂದ್ ಮಾಡಿ ನೋಡಿ

ಬಿಡುವಿನ ಒಂದು ಭಾನುವಾರ ಕೂತುಕೊಳ್ಳಿ. ಫೋನ್ ಸ್ವಿಚ್ ಆಫ್ ಮಾಡಿ. ಕಂಪ್ಯೂಟರಿನಲ್ಲಿ ಈಗಾಗಲೇ ಲಾಗಿನ್ ಆಗಿರುವ ಕಿಟಕಿ ತೆರೆದೇ ಇರಲಿ, ಅದನ್ನು ಮುಟ್ಟಬೇಡಿ. ಪಕ್ಕದಲ್ಲಿ ಇನ್‌ಕಾಗ್ನಿಟೋ ಕಿಟಕಿ ತೆರೆದು ಮೊದಲ ಕೀಯಿಂದ ಲಾಗಿನ್ ಆಗಿ. ಮುಚ್ಚಿ, ಎರಡನೆಯದರಿಂದ ಆಗಿ. ಮತ್ತೆ ಮುಚ್ಚಿ, ಕಾಗದ ನೋಡಿ ಒಂದು ಬ್ಯಾಕಪ್ ಕೋಡ್‌ನಿಂದ ಆಗಿ. ಒಂದು ಕೋಡ್ ಖರ್ಚಾಗುತ್ತದೆ, ಆಗಲಿ. ನಿಮ್ಮ ಕೈಬರಹ ನಿಮಗೇ ಓದಲು ಬರುತ್ತದೆ ಎಂದು ಗೊತ್ತಾಗುತ್ತದೆ.

ಮೂರೂ ನಡೆದರೆ ಎಸ್‌ಎಂಎಸ್ ತೆಗೆಯಿರಿ. ಒಂದು ನಡೆಯದಿದ್ದರೂ ತೆರೆದಿರುವ ಕಿಟಕಿಯಿಂದ ಸರಿ ಮಾಡಿಕೊಳ್ಳಬಹುದು.

ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಈ ಪರೀಕ್ಷೆ ಮಾಡಬೇಡಿ. ಅಲ್ಲಿ ಅರ್ಜಿ ಹಾಕಲು ಲಾಗಿನ್ ಆಗಲೇಬೇಕಾದರೆ, ಈ ಸಾಧನದಲ್ಲಿ ಮತ್ತೆ ಕೇಳಬೇಡ ಎಂಬ ಟಿಕ್ ತೆಗೆಯಿರಿ. ಏಳುವ ಮುಂಚೆ ಸೈನ್ ಔಟ್ ಆಗಿ. ಕೀ ಕಿತ್ತುಕೊಂಡ ಮಾತ್ರಕ್ಕೆ ಅಕೌಂಟ್ ಮುಚ್ಚುವುದಿಲ್ಲ.

ಏನಾದರೂ ಕಳೆದ ದಿನ

ಫೋನ್ ಕಳೆದರೆ ಬೇರೆ ಕಂಪ್ಯೂಟರಿನಲ್ಲಿ ಕೀ ಅಥವಾ ಕೋಡ್‌ನಿಂದ ಒಳಗೆ ಹೋಗಿ, ಯುವರ್ ಡಿವೈಸಸ್ ಪಟ್ಟಿಯಿಂದ ಆ ಫೋನನ್ನು ಸೈನ್ ಔಟ್ ಮಾಡಿ. ಸಿಮ್ ಬ್ಲಾಕ್ ಮಾಡಿಸಿ, ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ಪೊಲೀಸ್ ದೂರು ಕೊಟ್ಟ ಮೇಲೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಐಎಂಇಐ (ಫೋನಿನ ಗುರುತಿನ) ನಂಬರ್ ಕೊಟ್ಟು ಫೋನನ್ನೇ ಬ್ಲಾಕ್ ಮಾಡಿಸಬಹುದು.

ಕೀ ಕಳೆದರೆ ಗಾಬರಿ ಬೇಡ. ಸಿಕ್ಕವರಿಗೆ ಅದು ಯಾರದು ಎಂದು ಗೊತ್ತಾಗುವುದಿಲ್ಲ, ಪಿನ್‌ ಅಥವಾ ಪಾಸ್‌ವರ್ಡ್ ಇಲ್ಲದೆ ಉಪಯೋಗವೂ ಇಲ್ಲ. ಎರಡನೇ ಕೀಯಿಂದ ಒಳಗೆ ಹೋಗಿ ಕಳೆದದ್ದನ್ನು ಪಟ್ಟಿಯಿಂದ ತೆಗೆಯಿರಿ, ಇನ್ನೊಂದು ಕೊಳ್ಳಿ. ಕೋಡ್ ಬರೆದ ಕಾಗದ ಕಾಣದಿದ್ದರೆ ಹುಡುಕುತ್ತಾ ಕೂರಬೇಡಿ. ಹೊಸ ಹತ್ತು ತೆಗೆಯಿರಿ, ಹಳೆಯ ಕಾಗದ ಯಾರ ಕೈಗೆ ಸಿಕ್ಕರೂ ಬರೀ ಅಂಕಿ.

ಎಲ್ಲವೂ ಒಟ್ಟಿಗೆ ಹೋದರೆ ಉಳಿಯುವುದು ಗೂಗಲ್‌ನ ಅಕೌಂಟ್ ರಿಕವರಿ ಪುಟ. ಮೊದಲು ಲಾಗಿನ್ ಆಗುತ್ತಿದ್ದ ಕಂಪ್ಯೂಟರಿನಿಂದ, ಮೊದಲಿನ ಜಾಗದಿಂದಲೇ ಪ್ರಯತ್ನಿಸಿ, ಅದು ಗುರುತು ಹಿಡಿಯಲು ಸಹಾಯ ಮಾಡುತ್ತದೆ. ಸಿಗುತ್ತದೆ ಎಂಬ ಖಾತ್ರಿ ಇಲ್ಲ. ದುಡ್ಡು ಕೊಟ್ಟರೆ ಜಿಮೇಲ್ ತೆರೆದುಕೊಡುತ್ತೇವೆ ಎನ್ನುವ ಹೆಲ್ಪ್‌ಲೈನ್ ನಂಬರ್‌ಗಳು ಹುಡುಕಿದರೆ ಸಿಗುತ್ತವೆ. ಅಲ್ಲಿಗೆ ಫೋನ್ ಮಾಡಿದರೆ ಇರುವ ದುಡ್ಡೂ ಹೋದೀತು.

ಕೀ ಕಾಯದ ಜಾಗಗಳೂ ಇವೆ. ಬ್ಯಾಂಕಿನ ಓಟಿಪಿ, ಯುಪಿಐ ಪಿನ್ ಎರಡಕ್ಕೂ ಇದಕ್ಕೂ ಸಂಬಂಧ ಇಲ್ಲ. ಮದುವೆ ಕಾರ್ಡ್, ಟ್ರಾಫಿಕ್ ಚಲನ್ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್ (ಫೋನಿನಲ್ಲಿ ಆ್ಯಪ್ ಕೂರಿಸುವ ಫೈಲ್) ಹಾಕಿಕೊಂಡರೆ ಫೋನೇ ಬೇರೆಯವರ ಕೈಗೆ ಹೋಗುತ್ತದೆ, ಆಗ ಕೀ ಏನೂ ಮಾಡಲಾರದು. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಇಲ್ಲವೇ ಸೈಬರ್‌ಕ್ರೈಂ ಡಾಟ್ ಜಿಓವಿ ಡಾಟ್ ಇನ್‌ನಲ್ಲಿ ದೂರು ದಾಖಲಿಸಿ. ದುಡ್ಡು ಇನ್ನೊಂದು ಅಕೌಂಟಿಗೆ ದಾಟುವ ಮುಂಚೆ ತಡೆಹಿಡಿಯುವ ಅವಕಾಶ ಇರುವುದು ಮೊದಲ ಗಂಟೆಗಳಲ್ಲೇ. 1930 ಎಂಬ ನಂಬರನ್ನೂ ಬ್ಯಾಕಪ್ ಕೋಡ್ ಕಾಗದದ ಮೇಲೆ ಬರೆದಿಡಿ. ಫೋನ್ ಇಲ್ಲದಾಗ ನಂಬರ್ ಹುಡುಕಲು ಗೂಗಲ್ ಕೂಡ ಕೈಯಲ್ಲಿ ಇರುವುದಿಲ್ಲ.